ಜೊತೆ ತಪ್ಪಿದ ಉಪಕರಣಗಳು: ರಾಯದುರ್ಗ–ಮಡಕಶಿರಾ ಸೀಮೆಯ ಕೈಸಾಮಾನುಗಳ ಬಳಕೆಯನ್ನು ಗುರುತಿಸುವ ಬಗೆ

ಆಂಧ್ರದ ಅನಂತಪುರ ಭಾಗದ ರಾಯದುರ್ಗ ಮತ್ತು ಮಡಕಶಿರಾ ಸೀಮೆಯ ಅಟ್ಟ, ಕೊಟ್ಟಿಗೆ, ಗುಜರಿ ಅಂಗಡಿಗಳಲ್ಲಿ ಸಿಗುವ ಹಳೆಯ ಕೈಸಾಮಾನುಗಳಲ್ಲಿ ಹಲವು ಯಾವ ಕೆಲಸಕ್ಕೆ ಬಂದವು ಎಂದು ಹೇಳುವವರು ಈಗ ಕಡಿಮೆ. ಇಂಥದೊಂದು ಕೈಗೆ ಬಂದಾಗ ಸಂಗ್ರಹಕಾರರು ಸಾಮಾನ್ಯವಾಗಿ ಆಕಾರವನ್ನು ನಂಬುತ್ತಾರೆ. ಮೊನೆಯಿದ್ದರೆ ಆಯುಧ, ತೂತುಗಳಿದ್ದರೆ ಜರಡಿ. ಏನೂ ಹೊಳೆಯದಿದ್ದರೆ ಪೂಜೆಯ ಸಾಮಾನು. ಈ ಲೇಖನದ ವಾದ ಬೇರೆ. ಇಲ್ಲಿನ ಕೈಸಾಮಾನು ಒಂಟಿಯಾಗಿ ಕೆಲಸ ಮಾಡಿದ್ದು ಕಡಿಮೆ. ಗುರುತು ಸಿಗದಿರುವುದಕ್ಕೆ ಮುಖ್ಯ ಕಾರಣ ಅದರ ಜೊತೆಯ ಭಾಗ ಕಳೆದುಹೋಗಿರುವುದು. ಆದ್ದರಿಂದ ‘ಇದೇನು?’ ಎಂಬ ಪ್ರಶ್ನೆಗಿಂತ ‘ಇದರ ಜೊತೆ ಇನ್ನೇನಿತ್ತು?’ ಎಂಬ ಪ್ರಶ್ನೆ ಹೆಚ್ಚು ದೂರ ಕರೆದೊಯ್ಯುತ್ತದೆ.

ಕೂರಿಗೆಯ ಬಟ್ಟಲನ್ನೇ ನೋಡೋಣ. ಒಂದೇ ಮರದ ತುಂಡಿನಲ್ಲಿ ಕಡೆದ ಬಟ್ಟಲು. ತಳದಲ್ಲಿ ಸುತ್ತಲೂ ತೂತುಗಳು, ನಡುವೆ ತುಸು ಉಬ್ಬು. ಕೂರಿಗೆಯಿಂದ ಬಿಡಿಸಿಟ್ಟರೆ ಇದು ಸೋಸುವ ಪಾತ್ರೆಯಂತೆಯೇ ಕಾಣುತ್ತದೆ. ಆದರೆ ಸೋಸುವ ಪಾತ್ರೆಯ ತೂತು ನೇರ ಕೆಳಕ್ಕೆ ಇಳಿಯುತ್ತದೆ. ಇದರದ್ದು ಓರೆಯಾಗಿ ಹೊರಕ್ಕೆ ಹೊರಳುತ್ತದೆ. ಒಂದೊಂದು ತೂತಿಗೂ ಒಂದೊಂದು ಬಿದಿರ ಕೊಳವೆ ಸಿಕ್ಕಿಸಿ, ಅದರ ಕೆಳತುದಿಯನ್ನು ದಿಂಡಿನ ತಾಳಿಗೆ ಇಳಿಸುತ್ತಿದ್ದರು. ಎತ್ತು ನಡೆಯುತ್ತಿದ್ದಂತೆ ಬಿತ್ತುವವಳು ಹಿಡಿಯಿಂದ ಕಾಳನ್ನು ಸಮನಾಗಿ ಬಿಡುತ್ತಾಳೆ. ನಡುವಿನ ಉಬ್ಬು ಅದನ್ನು ಎಲ್ಲ ಕೊಳವೆಗಳಿಗೂ ಹಂಚುತ್ತದೆ. ಬಟ್ಟಲಿನ ಕಂಠದ ಒಂದು ಬದಿ ಮಾತ್ರ ಕೈ ಆಡಿ ಆಡಿ ನುಣುಪಾಗಿರುವುದಕ್ಕೆ ಇದೇ ಕಾರಣ. ತೂತುಗಳ ಒಳ ಅಂಚು ಕಾಳು ಉರುಳಿ ಗುಂಡಗಾಗಿರುತ್ತದೆ, ಹೊರಮೈಯಲ್ಲಿ ಹಗ್ಗ ಬಿಗಿದ ಗೆರೆ ಉಳಿದಿರುತ್ತದೆ. ತೂತುಗಳನ್ನು ಎಣಿಸಿದರೆ ಕೂರಿಗೆಗೆ ಎಷ್ಟು ತಾಳು ಇದ್ದವೆಂದು ತಿಳಿಯುತ್ತದೆ. ಅಗಲ ನೋಡಿದರೆ ಬೆಳೆಯ ಅಂದಾಜೂ ಸಿಗುತ್ತದೆ. ರಾಗಿ, ನವಣೆಗೆ ಸಾಲುವ ಕಂಡಿಯಲ್ಲಿ ಕಡಲೆಕಾಯಿ ಬೀಜ ಇಳಿಯುವುದಿಲ್ಲ. ಅನಂತಪುರ ನೆಲಗಡಲೆಯ ಜಿಲ್ಲೆಯಾಗುವ ಮೊದಲು ಒಂದು ಮನೆತನದ ಹೊಲದಲ್ಲಿ ಏನು ಬೆಳೆಯುತ್ತಿತ್ತು ಎಂಬುದಕ್ಕೆ ಬಟ್ಟಲಿನ ತಳವೂ ಒಂದು ದಾಖಲೆಯೇ.

ಇದಕ್ಕಿಂತ ತೊಡಕಿನದು ಬಿದಿರಿನ ಕೊಳವೆ. ಕೂರಿಗೆಯ ಹಿಂದೆ ಹಗ್ಗ ಕಟ್ಟಿ ಎಳೆದೊಯ್ಯುವ ಸಡ್ಡೆಯೂ ಬಿದಿರು. ದನಕ್ಕೆ ಔಷಧಿ ಕುಡಿಸುವ ಗೊಟ್ಟವೂ ಬಿದಿರು. ಕೊಟ್ಟಿಗೆಯ ಸೂರಿನಲ್ಲಿ ಎರಡೂ ಒಟ್ಟಿಗೆ ಸಿಕ್ಕಿಸಿರುತ್ತವೆ, ನೋಡುವವರಿಗೆ ಎರಡೂ ಹಳೆಯ ಕೊಳಲಿನಂತೆಯೇ. ಗೊಟ್ಟದ ಒಂದು ತುದಿಯನ್ನು ಗಿಣ್ಣು ಮುಚ್ಚಿರುತ್ತದೆ, ಇನ್ನೊಂದನ್ನು ಓರೆಯಾಗಿ ಕೊಯ್ದಿರುತ್ತಾರೆ. ಆ ಓರೆ ಬಾಯಿಯ ಅಂಚಿನಲ್ಲಿ ಎತ್ತಿನ ಹಲ್ಲು ಒತ್ತಿದ ಗುರುತು ಇರುತ್ತದೆ. ಸಡ್ಡೆಯ ಎರಡು ತುದಿಯೂ ತೆರೆದಿರುತ್ತವೆ. ಅಕ್ಕಡಿ ಸಾಲಿನ ತೊಗರಿಯೋ ಅವರೆಯೋ ಅದರೊಳಗಿಂದ ಇಳಿಯಬೇಕಲ್ಲ! ಕೆಳತುದಿಯಲ್ಲಿ ಮಣ್ಣು ಉಜ್ಜಿದ ಉದ್ದುದ್ದ ಗೀರುಗಳಿರುತ್ತವೆ. ಹಲ್ಲಿನ ಗುರುತೋ ಮಣ್ಣಿನ ಗೀರೋ ಎಂದು ನೋಡಿದರೆ ಸಾಕು, ವ್ಯಾಜ್ಯ ತೀರುತ್ತದೆ.

ಸವಕಳಿಯನ್ನು ಓದುವ ಈ ಕ್ರಮಕ್ಕೆ ಶಾಸ್ತ್ರೀಯ ಬುನಾದಿ ಹಾಕಿದವರು ರಷ್ಯದ ಎಸ್. ಎ. ಸೆಮ್ಯೊನೊವ್. ಶಿಲಾಯುಗದ ಉಪಕರಣಗಳ ಮೇಲಿನ ಗೀರು, ಹೊಳಪುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಅವರ ಗ್ರಂಥ 1957ರಲ್ಲಿ ಪ್ರಕಟವಾಗಿ, 1964ರಲ್ಲಿ ಇಂಗ್ಲಿಷಿಗೆ ಬಂತು. ನಮ್ಮ ಸೀಮೆಯ ಪಕ್ಕದಲ್ಲೇ ಇದಕ್ಕೊಂದು ನಿದರ್ಶನವಿದೆ. ಬಳ್ಳಾರಿ ಬಳಿಯ ಕುಪ್ಪಗಲ್ಲು ಬೆಟ್ಟವನ್ನು ನವಶಿಲಾಯುಗದ ಕಲ್ಲುಕೊಡಲಿಗಳ ತಾಣವೆಂದು ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಗುರುತಿಸಿದ್ದರು. ಅಲ್ಲಿನ ಕೆಲವು ಡೊಲರೈಟ್ ಬಂಡೆಗಳ ಮೇಲಿನ ಗುಳಿಗಳು ಬಡಿತದಿಂದ ಆದವು, ಅಲ್ಲಿ ಬಡಿದರೆ ಬಂಡೆ ಗಂಟೆಯಂತೆ ನಾದ ಕೊಡುತ್ತದೆ ಎಂದು ನಿಕೋಲ್ ಬಾಯ್ವಿನ್ 2004ರಲ್ಲಿ ಬರೆದರು. ಬರೀ ಗುಳಿಯ ಚಿತ್ರ ನೋಡುತ್ತ ಕುಳಿತವರಿಗೆ ಇದು ಹೊಳೆಯುವ ಸಂಗತಿಯಲ್ಲ. ಅಲ್ಲಿ ಕಳೆದುಹೋದ ಜೊತೆ ಬಡಿಯುವ ಕಲ್ಲು. ಇದಕ್ಕೆ ವ್ಯತಿರಿಕ್ತವಾಗಿ ರೋಮನ್ ಸಾಮ್ರಾಜ್ಯದ ವಾಯವ್ಯ ಪ್ರಾಂತಗಳಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿರುವ ಹನ್ನೆರಡು ಮುಖದ ಟೊಳ್ಳು ಕಂಚಿನ ವಸ್ತುಗಳಿಗೆ ಜೊತೆಯೂ ಇಲ್ಲ, ಬರಹದ ಸಾಕ್ಷಿಯೂ ಇಲ್ಲ. ಊಹೆಗಳು ಮಾತ್ರ ಬೇಕಾದಷ್ಟಿವೆ.

ಜೊತೆ ಕಳೆದುಕೊಂಡ ಗತಿ ನಮ್ಮ ಸೀಮೆಯ ಚಕಮಕಿಯ ಕಬ್ಬಿಣಕ್ಕೂ ಬಂದಿದೆ. ಕುರಿ ಕಾಯುವವರ ಸಂಚಿಯಲ್ಲಿ ಅದರೊಡನೆ ಬೆಣಚುಕಲ್ಲೂ ಕಿಡಿ ಹಿಡಿಯುವ ಹತ್ತಿಯೂ ಇರುತ್ತಿದ್ದವು. ಬೆಂಕಿಪೊಟ್ಟಣ ಬಂದ ಮೇಲೆ ಕಲ್ಲನ್ನು ಎಸೆದರು, ಹತ್ತಿ ಹಾಳಾಯಿತು. ಉಳಿದ ಕಬ್ಬಿಣದ ತುಂಡು ಮುರಿದ ಕೊಂಡಿಯಂತೆ ಕಂಡು ಗುಜರಿಗೆ ಹೋಗುತ್ತದೆ.

ಪಾತಾಳಗರಡಿಯ ಕಥೆ ಇನ್ನೂ ವಿಚಿತ್ರ. ಒಂದು ಬಳೆಗೆ ಸುತ್ತಲೂ ಕೊಕ್ಕೆಗಳನ್ನು ಜೋತುಬಿಟ್ಟ ಈ ಕಬ್ಬಿಣದ ಸಾಮಾನು ಬಾವಿಗೆ ಬಿದ್ದ ಕೊಡ, ಬಿಂದಿಗೆಗಳನ್ನು ಮೇಲೆತ್ತಲು ಬಳಸುವಂಥದು. ಬೀದಿಗೊಂದಿದ್ದರೆ ಸಾಕಿತ್ತು, ಬೇಕಾದವರು ಕೇಳಿ ಒಯ್ಯುತ್ತಿದ್ದರು. ಇಂದು ಅದನ್ನು ಮಾಂಸ ತೂಗುಹಾಕುವ ಕೊಕ್ಕೆ ಎನ್ನುವವರಿದ್ದಾರೆ, ದೀಪ ತೂಗುಬಿಡುವವರೂ ಇದ್ದಾರೆ. ಮಾಂಸದ ಕೊಕ್ಕೆಗೆ ಮೊನೆ ಬೇಕು. ಇದರ ತುದಿಗಳು ಮೊಂಡ, ಏಕೆಂದರೆ ಕೆಲಸ ಕೊಡದ ಕಂಠಕ್ಕೆ ಸಿಕ್ಕಿಕೊಳ್ಳುವುದು, ಕೊಡವನ್ನು ತೂತು ಮಾಡುವುದಲ್ಲ. ಕೊಕ್ಕೆಗಳು ಎಲ್ಲ ದಿಕ್ಕಿಗೂ ಇರುವುದು ಬಾವಿಯ ತಳದಲ್ಲಿ ಕಣ್ಣಿಗೆ ಏನೂ ಕಾಣದು ಎಂಬ ಕಾರಣಕ್ಕೆ. ಇಲ್ಲಿ ಕಳೆದುಹೋದ ಜೊತೆಯೆಂದರೆ ಬಾವಿಯೇ! ಕೊಳವೆಬಾವಿಗಳು ಬಂದು ತೆರೆದ ಬಾವಿಗಳು ಬತ್ತಿದ ಮೇಲೆ ಗರಡಿಗೆ ಇಳಿಯಲು ಜಾಗವೇ ಉಳಿಯಲಿಲ್ಲ.

ದಾಖಲೆಗಳ ಕಡೆಯಿಂದ ಬರುವವರಿಗೆ ಈ ಸೀಮೆಯಲ್ಲಿ ಇನ್ನೊಂದು ಅಡ್ಡಿಯಿದೆ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲೂಕು. ಹಾಗಾಗಿ ಅದರ ವಿವರವನ್ನು ಡಬ್ಲ್ಯೂ. ಫ್ರಾನ್ಸಿಸ್ ಅವರ 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿ ಹುಡುಕಬೇಕು. ಮಡಕಶಿರಾದ್ದು 1905ರ ಅನಂತಪುರ ಸಂಪುಟದಲ್ಲಿದೆ. ಬಹುಪಾಲು ಕರ್ನಾಟಕದ ತಾಲೂಕುಗಳ ನಡುವೆ ಸಿಕ್ಕಿಕೊಂಡಂತಿರುವ ಆ ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಉಪಕರಣಗಳ ಹೆಸರಿಗಾಗಿ ಭದ್ರಿರಾಜು ಕೃಷ್ಣಮೂರ್ತಿ ಅವರ ಸಂಪಾದಕತ್ವದಲ್ಲಿ 1962ರಲ್ಲಿ ಬಂದ ತೆಲುಗು ಮಾಂಡಲಿಕ ವೃತ್ತಿಪದಕೋಶದ ವ್ಯವಸಾಯ ಸಂಪುಟ ಅಮೂಲ್ಯ. ಕನ್ನಡದ ಕಡೆಗೆ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಂಥ ಕಡೆ ವಸ್ತುಗಳೇ ನೋಡಲು ಸಿಗುತ್ತವೆ. ಆದರೆ ತೆಲುಗು ಜಿಲ್ಲೆಯ ಕನ್ನಡ ಒಕ್ಕಲಿಗನ ಮನೆಯ ಸಾಮಾನು ಎರಡೂ ಕಡೆಯ ಜಾಲದಿಂದ ನುಣುಚಿಕೊಳ್ಳುವುದು ಸುಲಭ.

ಹಿರಿಯರನ್ನು ಕೇಳುವ ರೀತಿಯ ಬಗೆಗೂ ಒಂದು ಮಾತು. ವಸ್ತುವನ್ನು ಮೇಜಿನ ಮೇಲಿಟ್ಟು ‘ಅಜ್ಜಾ, ಇದೇನು?’ ಎಂದರೆ ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದೆಂಬ ದಾಕ್ಷಿಣ್ಯಕ್ಕಾದರೂ ಅವರು ಏನೋ ಒಂದು ಉತ್ತರ ಕೊಡುತ್ತಾರೆ. ಅದರ ಬದಲು ಕೈಗೆ ಕೊಟ್ಟು ಸುಮ್ಮನಿರುವುದು ಮೇಲು. ಕೈ ಅದನ್ನು ಯಾವ ಕಡೆಯಿಂದ ಹಿಡಿಯುತ್ತದೆ, ಇನ್ನೊಂದು ಕೈ ಏನನ್ನು ಹುಡುಕುತ್ತದೆ ಎಂಬುದನ್ನು ಗಮನಿಸಬೇಕು. ಆ ಇನ್ನೊಂದು ಕೈ ತಡಕುವುದೇ ಜೊತೆಯ ಭಾಗವನ್ನು.

ಮರುಬಳಕೆಯ ಸವಕಳಿಯನ್ನು ಮೊದಲ ಬಳಕೆಯದೆಂದು ತಿಳಿಯುವ ಅಪಾಯ ಎಲ್ಲಕ್ಕಿಂತ ದೊಡ್ಡದು. ಬೀಸುಕಲ್ಲಿನ ಮೇಲಿನ ಹೋಳು ಬಚ್ಚಲ ಮೆಟ್ಟಿಲಾಗಿ ಕಾಲ ಕಳೆದಿದ್ದರೆ ಅದರ ಮೇಲ್ಮೈ ಪಾದಗಳಿಂದ ನುಣುಪಾಗಿರುತ್ತದೆ. ಕಲ್ಲನ್ನು ಮಗುಚಿದಾಗ ಮಾತ್ರ ನಿಜ ಕಾಣುತ್ತದೆ. ಅಂಚಿನ ಬಳಿ ಗೂಟದ ಕುಳಿ, ನಡುವೆ ಕಾಳು ಹಾಕುವ ಬಾಯಿ, ಅಡಿಯಲ್ಲಿ ಸುತ್ತು ಗೀರುಗಳು, ಅವುಗಳ ನಡುವೆ ಕಲ್ಲು ಕುಟ್ಟುವವರು ಉಳಿಯಿಂದ ಮಾಡಿದ ಗುಳಿಗಳು. ಆ ಗುಳಿಗಳು ಸವೆದಿದ್ದರೆ ಕುಟ್ಟಿಸಿದ ಮೇಲೆ ಬಹಳ ಕಾಲ ಬೀಸಿದ್ದಾರೆ. ಇನ್ನೂ ಒರಟಾಗಿಯೇ ಇದ್ದರೆ, ಕುಟ್ಟಿಸಿದ ಸ್ವಲ್ಪ ದಿನಕ್ಕೇ ಊರಿಗೆ ಹಿಟ್ಟಿನ ಮಿಷಿನ್ನು ಬಂದಿರಬೇಕು.