ಓಲೆಗರಿಯ ಮೇಲಿನ ಬಣ್ಣಗಳು

ಹರಿಹರದಲ್ಲಿ ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ.ಶ. 1224ರಲ್ಲಿ ಕಟ್ಟಿಸಿದನು. ಅಲ್ಲಿಯ ಕಂಬಗಳನ್ನೂ ಶಾಸನಗಳನ್ನೂ ನೋಡಿದವರಿಗೆ ಆ ಕಾಲದ ಶಿಲ್ಪಿಯ ಉಳಿಯ ಪರಿಚಯವಾಗುವುದು. ಚಿತ್ರಕಾರನ ಕುಂಚದ ಪರಿಚಯವಾದರೋ ಅಷ್ಟು ಸುಲಭವಲ್ಲ. ಕಲ್ಲು ಉಳಿದಂತೆ ಬಣ್ಣವು ಉಳಿಯದು. ಹೊಯ್ಸಳರ ಕಾಲದ ಬಣ್ಣವನ್ನು ಅರಸುವುದಾದರೆ ನಾವು ಘಟ್ಟವನ್ನಿಳಿದು ಮೂಡಬಿದಿರೆಗೆ ಹೋಗಬೇಕು.

ಮೂಡಬಿದಿರೆಯ ಜೈನರು ಕಾಪಾಡಿಕೊಂಡು ಬಂದಿರುವ ಸಿದ್ಧಾಂತಗ್ರಂಥಗಳಲ್ಲಿ ವೀರಸೇನಾಚಾರ್ಯರ ಧವಳಾ ಟೀಕೆಯು ಮುಖ್ಯವಾದುದು. ಅದರ ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡ. ಕ್ರಿ.ಶ. 1113ರ ಸುಮಾರಿನ, ಎಂದರೆ ವಿಷ್ಣುವರ್ಧನನ ಕಾಲದ, ಓಲೆಪ್ರತಿಯಲ್ಲಿ ಅಕ್ಷರಗಳ ನಡುನಡುವೆ ಪಾರ್ಶ್ವನಾಥ, ಬಾಹುಬಲಿ, ಯಕ್ಷಿಯರು, ಕೈಮುಗಿದ ಭಕ್ತರು ಬಣ್ಣದಲ್ಲಿ ಮೂಡಿದ್ದಾರೆ. ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಓಲೆಯನ್ನು ಕಬ್ಬಿಣದ ಕಂಟದಿಂದ ಕೊರೆದು ಮಸಿ ತಿಕ್ಕುತ್ತಿದ್ದರು. ಚಿತ್ರಕ್ಕೆ ಆ ಉಪಾಯ ಸಾಲದು. ಕೆಲವೇ ಬೆರಳಗಲದ ಓಲೆಯ ಮೇಲೆ ಕುಂಚವೇ ನಡೆಯಬೇಕು.

ಆ ಕುಂಚವೂ ಬಣ್ಣವೂ ಎಂತಹವು? ಇದನ್ನು ತಿಳಿಯಲು ನಮಗೊಂದು ಸಮಕಾಲೀನ ಗ್ರಂಥವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 1129ರ ಸುಮಾರಿನದು, ಧವಳೆಯ ಓಲೆಗಳಿಗೂ ಅದಕ್ಕೂ ಹದಿನಾರು ವರ್ಷಗಳ ಅಂತರ ಮಾತ್ರ. ಅರಸನು ಹೇಳುವುದು ಗೋಡೆಯ ಚಿತ್ರವನ್ನು ಕುರಿತು. ಆದರೂ ಆ ಕಾಲದ ಚಿತ್ರಕಾರನ ಸಾಮಗ್ರಿ ಅಲ್ಲಿ ಕಾಣುವುದು. ಬಿಳಿಗೆ ಶಂಖದ ಪುಡಿ, ಕೆಂಪಿಗೆ ಇಂಗಲೀಕ, ಅರಗಿನ ರಸ, ಕಾವಿಕಲ್ಲು; ಹಳದಿಗೆ ಹರಿದಳ, ಕಪ್ಪಿಗೆ ಕಾಡಿಗೆ. ಹರಿದಳಕ್ಕೆ ನೀಲಿ ಬೆರೆತರೆ ಹಸಿರಾಗುವುದು. ಇವನ್ನು ಹಿಡಿದು ನಿಲ್ಲಿಸುವುದು ‘ವಜ್ರಲೇಪ’: ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಒಣಗಿಸಿಟ್ಟ ಅಂಟು. ಕುಂಚಕ್ಕೆ ಕರುವಿನ ಕಿವಿಯ ಕೂದಲು.

ಅಂಟಿನ ಹದದಲ್ಲಿಯೇ ಕುಶಲತೆಯೆಲ್ಲ ಅಡಗಿದೆ. ಗೋಡೆ ಬಾಗದು, ಓಲೆ ಬಾಗುವುದು. ಅಂಟು ಹೆಚ್ಚಾದರೆ ಬಣ್ಣವು ಚಕ್ಕೆಯೇಳುವುದು. ಕಡಮೆಯಾದರೆ ಪುಡಿಯಾಗಿ ಉದುರುವುದು. ಓಲೆಯ ಚಿತ್ರವು ಒಂಬೈನೂರು ವರ್ಷಗಳನ್ನು ದಾಟಿ ಬಂದಿದೆಯೆಂದರೆ, ಹೆಸರು ಹೇಳಿಕೊಳ್ಳದ ಆ ಚಿತ್ರಕಾರನು ಹದವನ್ನು ಬಲ್ಲವನೆಂದೇ ಅರ್ಥ.

ಬಹುಕಾಲ ಈ ಗ್ರಂಥಗಳು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು, ಓದಿಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ನಡೆಯಿತು. 1939ರಲ್ಲಿ ಹೀರಾಲಾಲ್ ಜೈನರು ಧವಳೆಯ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಹೀಗೆ ಮಾತು ಉಳಿಯಿತು. ಓಲೆಯು ನಶಿಸಿದರೂ ಮಾತಿಗೆ ಇನ್ನು ಭಯವಿಲ್ಲ. ಬಣ್ಣಕ್ಕಾದರೋ ಆ ಭಾಗ್ಯವಿಲ್ಲ. ಛಾಯಾಚಿತ್ರವು ರೂಪವನ್ನು ತೋರಿಸಬಲ್ಲದು. ಇಂಗಲೀಕದ ಕಣವನ್ನೂ ಅಂಟಿನ ಹದವನ್ನೂ ಅದು ಹೊತ್ತು ತರಲಾರದು. ಅವು ಇರುವುದು ಆ ಓಲೆಯಲ್ಲಿ ಮಾತ್ರ. ಆದುದರಿಂದ, ಗ್ರಂಥವು ಅಚ್ಚಾಯಿತು, ಇನ್ನು ಹಳೆಯ ಓಲೆಯಿಂದೇನು ಎಂದು ಕೇಳುವವರಿಗೆ ನಾವು ಕೊಡಬೇಕಾದ ಉತ್ತರ ಇದು: ಓದುವ ಪುಸ್ತಕವು ಅಚ್ಚಾಗಿದೆ, ನೋಡುವ ಪುಸ್ತಕವು ಇನ್ನೂ ಒಂದೇ ಒಂದು.