ಡ್ರೋನ್‌ನ ಹೆಚ್ಚುವರಿ ಬ್ಯಾಟರಿ: ಹಂಗಾಮಿನವರೆಗೆ ಕಾಪಾಡುವ ಬಗೆ

ಬೆಳೆಗೆ ಔಷಧಿ ಸಿಂಪಡಿಸುವ ಡ್ರೋನ್ ವರ್ಷದಲ್ಲಿ ಕೆಲವೇ ವಾರ ದುಡಿಯುತ್ತದೆ. ಉಳಿದ ತಿಂಗಳುಗಳಲ್ಲಿ ಅದರ ರೆಕ್ಕೆ, ಮೋಟಾರು, ಟ್ಯಾಂಕ್‌ಗಳು ಪೆಟ್ಟಿಗೆಯಲ್ಲಿದ್ದರೂ ಹೆಚ್ಚೇನೂ ಕೆಡುವುದಿಲ್ಲ. ಬ್ಯಾಟರಿಯ ಸ್ಥಿತಿ ಹಾಗಲ್ಲ. ಬಳಸಿದರೂ ಬಳಸದಿದ್ದರೂ ಅದರ ಆಯುಷ್ಯ ಸವೆಯುತ್ತಲೇ ಇರುತ್ತದೆ. ಮುಂದಿನ ಹಂಗಾಮಿಗೆಂದು ತಂದಿಟ್ಟ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಟ್ಟರೂ, ಪೂರ್ತಿ ಬರಿದಾಗಲು ಬಿಟ್ಟರೂ ಅದು ಒಮ್ಮೆಯೂ ಹಾರದೆ ನಿಷ್ಪ್ರಯೋಜಕವಾಗಬಹುದು. ಅರ್ಧದಷ್ಟು ಚಾರ್ಜ್, ತಂಪಾದ ಸ್ಥಳ ಹಾಗೂ ತಿಂಗಳಿಗೊಮ್ಮೆ ತಪಾಸಣೆ ಎಂಬ ಮೂರು ಕ್ರಮಗಳಿಂದ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿದೆ.

ಹಳ್ಳಿಗೆ ಬಂದ ಪ್ರಶ್ನೆ

ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ‘ನಮೋ ಡ್ರೋನ್ ದೀದಿ’ ಯೋಜನೆಗೆ ಕೇಂದ್ರ ಸಚಿವ ಸಂಪುಟ 2023ರ ನವೆಂಬರ್‌ನಲ್ಲಿ ಅನುಮೋದನೆ ನೀಡಿತು. 15,000 ಸಂಘಗಳ ಗುರಿ ಹೊಂದಿದ್ದ ಯೋಜನೆಗೆ 1,261 ಕೋಟಿ ರೂ. ಮೀಸಲಿಡಲಾಯಿತು. ಡ್ರೋನ್ ಹಾಗೂ ಪರಿಕರಗಳ ವೆಚ್ಚದ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂ. ನೆರವು ನೀಡುವ ವ್ಯವಸ್ಥೆ ಇದರಲ್ಲಿದೆ. 2024ರಲ್ಲಿ ಪ್ರಕಟವಾದ ಮಾರ್ಗಸೂಚಿಯಂತೆ ಡ್ರೋನ್‌ನ ಮೂಲ ಬ್ಯಾಟರಿ ಸೆಟ್ ಅಲ್ಲದೆ ಇನ್ನೂ ನಾಲ್ಕು ಸೆಟ್ ಹೆಚ್ಚುವರಿ ಬ್ಯಾಟರಿಗಳನ್ನು ಕೊಡಬೇಕು. ಬ್ಯಾಟರಿಗಳನ್ನು ಒಂದರ ನಂತರ ಒಂದರಂತೆ ಬದಲಿಸುತ್ತಾ ಹೋದರೆ ದಿನಕ್ಕೆ 20 ಎಕರೆವರೆಗೆ ಸಿಂಪಡಣೆ ಸಾಧ್ಯ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಕಲಬುರಗಿ ಭಾಗದ ತೊಗರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಜೂನ್–ಜುಲೈನಲ್ಲಿ ಬಿತ್ತಿದ ಬೆಳೆ ಹೂವು, ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹುಳುವಿನ ಬಾಧೆ ಕಾಣಿಸಿಕೊಳ್ಳುತ್ತದೆ. ಆಗ ಊರಿನ ಎಲ್ಲ ಹೊಲಗಳಿಗೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಸಿಂಪಡಣೆ ಆಗಬೇಕು. ಕಟಾವು ಮುಗಿದ ನಂತರ ಮುಂದಿನ ಬೆಳೆಯವರೆಗೆ ಡ್ರೋನ್‌ಗೆ ಕೆಲಸ ವಿರಳ. ಈ ಬಿಡುವಿನ ಅವಧಿಯಲ್ಲಿಯೇ 40 ಡಿಗ್ರಿ ಮೀರುವ ಬೇಸಿಗೆಯೂ ಬಂದು ಹೋಗುತ್ತದೆ. ಐದು ಸೆಟ್‌ಗಳಲ್ಲಿ ಎರಡು ಈ ಅವಧಿಯಲ್ಲಿ ಕೆಟ್ಟರೆ ದಿನಕ್ಕೆ 20 ಎಕರೆಯ ಲೆಕ್ಕ ತಪ್ಪುತ್ತದೆ. ಹುಳು ಕಾಯುವುದಿಲ್ಲ, ಬಾಡಿಗೆ ಸಿಂಪಡಣೆಯ ಆದಾಯವನ್ನೇ ನಂಬಿದ ಸಂಘಕ್ಕೆ ಇಡೀ ಹಂಗಾಮಿನ ಗಳಿಕೆ ಕೈತಪ್ಪುತ್ತದೆ.

ಬ್ಯಾಟರಿಯೊಳಗೆ ನಡೆಯುವುದೇನು?

ಕೃಷಿ ಡ್ರೋನ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಲಿಥಿಯಂ ಪಾಲಿಮರ್, ಅಂದರೆ ‘ಲಿಪೊ’ ಬ್ಯಾಟರಿ. ಇದು 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಯ ಕುಟುಂಬಕ್ಕೇ ಸೇರಿದೆ. ಗಟ್ಟಿ ಲೋಹದ ಕವಚದ ಬದಲು ತೆಳುವಾದ ಹಾಳೆಯ ಚೀಲದಲ್ಲಿ ಇದರ ಸೆಲ್‌ಗಳಿರುತ್ತವೆ. ತೂಕ ಕಡಿಮೆಯಾಗಲು ಇದೇ ಕಾರಣ. ಕೆಟ್ಟಾಗ ಸುಲಭವಾಗಿ ಉಬ್ಬುವುದಕ್ಕೂ ಇದೇ ಕಾರಣ.

ಪೂರ್ಣ ಚಾರ್ಜ್ ಆದ ಸೆಲ್‌ನ ವೋಲ್ಟೇಜ್ 4.2. ಈ ಮಟ್ಟದಲ್ಲಿ ಒಳಗಿನ ಎಲೆಕ್ಟ್ರೊಲೈಟ್ ದ್ರಾವಣದ ಮೇಲೆ ಒತ್ತಡ ಹೆಚ್ಚು. ಅದು ನಿಧಾನವಾಗಿ ವಿಘಟನೆಗೊಂಡು ಅನಿಲ ಉತ್ಪತ್ತಿಯಾಗುತ್ತದೆ, ವಿದ್ಯುತ್ ಹರಿವಿಗೆ ಒಳಗಿನ ಪ್ರತಿರೋಧವೂ ಏರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಸೆಲ್ ಅತಿಯಾಗಿ ಬರಿದಾದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂತಹ ಸೆಲ್ ಅನ್ನು ಮತ್ತೆ ಚಾರ್ಜ್ ಮಾಡಿದರೆ ಒಳಗೆ ಶಾರ್ಟ್ ಸರ್ಕಿಟ್ ಆಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಆದುದರಿಂದ ತುಂಬಿಡುವುದೂ ಸಲ್ಲದು, ಬರಿದಾಗಿಸಿಡುವುದೂ ಸಲ್ಲದು.

ಎಷ್ಟು ಚಾರ್ಜ್ ಇರಬೇಕು?

ಲಿಪೊ ಬ್ಯಾಟರಿಗೆ ಒಪ್ಪಿತವಾದ ಸಂಗ್ರಹ ಮಟ್ಟ ಪ್ರತಿ ಸೆಲ್‌ಗೆ 3.80ರಿಂದ 3.85 ವೋಲ್ಟ್. ಇದು ಸುಮಾರು ಅರ್ಧ ಚಾರ್ಜ್‌ಗೆ ಸಮ. ಸಾಮಾನ್ಯ ಬಳಕೆಯ ಬ್ಯಾಟರಿಗಳಿಗೆ ಲೆಕ್ಕ ಹೀಗಿದೆ:

* 4 ಸೆಲ್: ಪೂರ್ಣ 16.8 ವೋಲ್ಟ್, ಸಂಗ್ರಹಕ್ಕೆ 15.2–15.4
* 6 ಸೆಲ್: ಪೂರ್ಣ 25.2 ವೋಲ್ಟ್, ಸಂಗ್ರಹಕ್ಕೆ 22.8–23.1
* 12 ಸೆಲ್: ಪೂರ್ಣ 50.4 ವೋಲ್ಟ್, ಸಂಗ್ರಹಕ್ಕೆ 45.6–46.2
* 14 ಸೆಲ್: ಪೂರ್ಣ 58.8 ವೋಲ್ಟ್, ಸಂಗ್ರಹಕ್ಕೆ 53.2–53.9

ಹಲವು ಚಾರ್ಜರ್‌ಗಳಲ್ಲಿ ‘ಸ್ಟೋರೇಜ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ಹೆಚ್ಚಿರುವ ಚಾರ್ಜ್ ಇಳಿದು, ಕಡಿಮೆಯಿರುವುದು ಏರಿ ಸರಿಯಾದ ಮಟ್ಟಕ್ಕೆ ಬರುತ್ತದೆ. ಎರಡು–ಮೂರು ದಿನಗಳೊಳಗೆ ಹಾರಾಟ ಇಲ್ಲವೆಂದಾದರೆ ಹೀಗೆ ಮಾಡುವುದು ಒಳಿತು. ಕೆಲವು ‘ಸ್ಮಾರ್ಟ್’ ಬ್ಯಾಟರಿಗಳು ಕೆಲ ದಿನಗಳ ನಂತರ ತಾವೇ ಚಾರ್ಜ್ ಇಳಿಸಿಕೊಳ್ಳುತ್ತವೆ. ಆದರೆ ಅವುಗಳೊಳಗಿನ ಸರ್ಕಿಟ್ ಸದಾ ಸ್ವಲ್ಪ ವಿದ್ಯುತ್ ಬಳಸುವುದರಿಂದ ತಿಂಗಳುಗಟ್ಟಲೆ ಮರೆತರೆ ಅವೂ ಬರಿದಾಗುತ್ತವೆ. ತಯಾರಕರ ಕೈಪಿಡಿಯಲ್ಲಿ ಬೇರೆ ಮಟ್ಟ ಸೂಚಿಸಿದ್ದರೆ ಅದನ್ನೇ ಪಾಲಿಸತಕ್ಕದ್ದು.

ಬಿಸಿಲೇ ದೊಡ್ಡ ಶತ್ರು

ಕೆನಡಾದ ‘ಬ್ಯಾಟರಿ ಯೂನಿವರ್ಸಿಟಿ’ ಎಂಬ ಮಾಹಿತಿ ತಾಣ ಲಿಥಿಯಂ-ಅಯಾನ್ ಬ್ಯಾಟರಿಗಳ ಬಗ್ಗೆ ನೀಡಿರುವ ಅಂದಾಜು ಗಮನಾರ್ಹ. ಶೇ 40ರಷ್ಟು ಚಾರ್ಜ್‌ನಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಬ್ಯಾಟರಿ ಒಂದು ವರ್ಷದ ನಂತರವೂ ಶೇ 96ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುತ್ತದೆ. ಅದೇ ಉಷ್ಣಾಂಶದಲ್ಲಿ ಪೂರ್ಣ ಚಾರ್ಜ್ ಇದ್ದರೆ ಉಳಿಯುವುದು ಶೇ 80. ಉಷ್ಣಾಂಶ 40 ಡಿಗ್ರಿಗೆ ಏರಿದರೆ ಮೊದಲನೆಯದು ಶೇ 85ಕ್ಕೆ, ಎರಡನೆಯದು ಶೇ 65ಕ್ಕೆ ಇಳಿಯುತ್ತದೆ. ಅಂದರೆ ಬೇಸಿಗೆಯಲ್ಲಿ ಪೂರ್ಣ ಚಾರ್ಜ್ ಮಾಡಿಟ್ಟ ಬ್ಯಾಟರಿ ತನ್ನ ಶಕ್ತಿಯ ಮೂರನೇ ಒಂದು ಭಾಗವನ್ನು ಕುಳಿತಲ್ಲೇ ಕಳೆದುಕೊಳ್ಳಬಹುದು.

ತಗಡಿನ ಶೆಡ್, ವಾಹನದ ಡಿಕ್ಕಿ, ಕಿಟಕಿ ಪಕ್ಕದ ಅಲಮಾರು ಇವೆಲ್ಲ ತಕ್ಕ ಸ್ಥಳಗಳಲ್ಲ. ನೇರ ಬಿಸಿಲು ಬೀಳದ, ಗಾಳಿಯಾಡುವ, ಕಲ್ಲುಹಾಸಿನ ಕೋಣೆ ಉತ್ತಮ. ಮಲಗುವ ಕೋಣೆ, ಮೇವಿನ ಬಣವೆ, ಗ್ಯಾಸ್ ಸಿಲಿಂಡರ್ ಹಾಗೂ ಕೀಟನಾಶಕ ದಾಸ್ತಾನಿನಿಂದ ದೂರವಿರಬೇಕು. ಮನೆಯಿಂದ ಹೊರಗೆ ಹೋಗುವ ದಾರಿಗೆ ಅಡ್ಡಲಾಗಿಯೂ ಇರಿಸಬಾರದು. ಫ್ರಿಜ್‌ನಲ್ಲಿಟ್ಟರೆ ಹೊರತೆಗೆದಾಗ ತೇವ ಕಟ್ಟಿಕೊಳ್ಳುವುದರಿಂದ ಅದೂ ಸೂಕ್ತವಲ್ಲ.

ಪ್ರತಿ ಬ್ಯಾಟರಿಯನ್ನು ಬೆಂಕಿ ತಡೆಯುವ ಲಿಪೊ ಚೀಲದಲ್ಲಿ ಹಾಕಿ, ಒಂದಕ್ಕೊಂದು ತಾಗದಂತೆ ಲೋಹದ ಪೆಟ್ಟಿಗೆಯಲ್ಲಿಡಬಹುದು. ಪೆಟ್ಟಿಗೆಯ ಒಳಮೈಗೆ ವಿದ್ಯುತ್ ಹರಿಯದ ಹೊದಿಕೆ ಅಗತ್ಯ. ಗಾಳಿಯಾಡದಂತೆ ಬಿಗಿದ ಪೆಟ್ಟಿಗೆ ಮಾತ್ರ ಅಪಾಯಕಾರಿ; ಒಳಗೆ ಅನಿಲ ಉಂಟಾದರೆ ಹೊರಬರಲು ಎಡೆ ಬೇಕು. ಕನೆಕ್ಟರ್‌ಗಳಿಗೆ ಮುಚ್ಚಳ ಹಾಕಿರಬೇಕು. ಡ್ರೋನ್‌ಗಾಗಲೀ ಚಾರ್ಜರ್‌ಗಾಗಲೀ ಜೋಡಿಸಿದ ಸ್ಥಿತಿಯಲ್ಲಿ ಬ್ಯಾಟರಿಯನ್ನು ಬಿಡಕೂಡದು.

ಖರೀದಿಸುವಾಗ

ಹೊಸ ಬ್ಯಾಟರಿ ಎಂದರೆ ತಾಜಾ ಬ್ಯಾಟರಿ ಎಂದು ಭಾವಿಸುವಂತಿಲ್ಲ. ಅಂಗಡಿಯಲ್ಲಿ ಎರಡು ವರ್ಷ ಕುಳಿತದ್ದು ಆಗಲೇ ಎರಡು ವರ್ಷದಷ್ಟು ಹಳೆಯದು. ತಯಾರಿಕೆಯ ದಿನಾಂಕ ನೋಡುವುದು ಅಗತ್ಯ. ವಿಮಾನದಲ್ಲಿ ಸರಕಾಗಿ ಬಿಡಿಯಾಗಿ ಸಾಗಿಸುವ ಲಿಥಿಯಂ-ಅಯಾನ್ ಬ್ಯಾಟರಿಯ ಚಾರ್ಜ್ ಶೇ 30 ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮ 2016ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಾಗಾಗಿ ಹೊಸ ಬ್ಯಾಟರಿಗಳು ಕಡಿಮೆ ಚಾರ್ಜ್‌ನಲ್ಲಿಯೇ ಕೈಸೇರುವುದುಂಟು. ಅವುಗಳನ್ನು ಪೊಟ್ಟಣ ಬಿಚ್ಚದೆ ಎತ್ತಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಬಂದ ದಿನವೇ ವೋಲ್ಟೇಜ್ ಅಳೆದು ಸಂಗ್ರಹ ಮಟ್ಟಕ್ಕೆ ತರುವುದು ಸರಿಯಾದ ಕ್ರಮ. ಮೂರು ವರ್ಷಕ್ಕಾಗುವಷ್ಟನ್ನು ಒಮ್ಮೆಲೇ ಕೊಳ್ಳುವುದಕ್ಕಿಂತ ಪ್ರತಿ ಹಂಗಾಮಿಗೆ ಮುನ್ನ ಬೇಕಾದಷ್ಟನ್ನೇ ಕೊಳ್ಳುವುದು ಲಾಭದಾಯಕ.

ತಿಂಗಳ ತಪಾಸಣೆ

ಪ್ರತಿ ಬ್ಯಾಟರಿಗೂ ಸಂಖ್ಯೆ ಬರೆದು ಒಂದು ಪುಸ್ತಕದಲ್ಲಿ ಖರೀದಿ ದಿನಾಂಕ, ಚಾರ್ಜ್ ಮಾಡಿದ ಸಲ, ಅಳೆದ ವೋಲ್ಟೇಜ್ ದಾಖಲಿಸಬೇಕು. ಸಂಘದ ಲೆಕ್ಕದ ಪುಸ್ತಕದ ಜತೆಗೇ ಇದನ್ನೂ ಇಟ್ಟುಕೊಂಡರೆ ಮಾಸಿಕ ಸಭೆಯ ದಿನ ತಪಾಸಣೆ ತಪ್ಪುವುದಿಲ್ಲ. ಒಟ್ಟು ವೋಲ್ಟೇಜ್ ಸರಿಯಿದ್ದರೂ ಒಂದು ಸೆಲ್ ಕುಸಿದಿರುವ ಸಾಧ್ಯತೆ ಇರುವುದರಿಂದ ಸೆಲ್ ಚೆಕರ್‌ನಿಂದಲೋ ಆ್ಯಪ್‌ನಲ್ಲೋ ಪ್ರತಿ ಸೆಲ್ ನೋಡತಕ್ಕದ್ದು. 3 ವೋಲ್ಟ್‌ಗಿಂತ ಕೆಳಗಿಳಿದ ಸೆಲ್ ಇರುವ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುವ ಪ್ರಯತ್ನ ಬೇಡ. ಎರಡು ಬ್ಯಾಟರಿಗಳನ್ನು ಜೋಡಿಯಾಗಿ ಬಳಸುವ ಡ್ರೋನ್‌ಗಳಲ್ಲಿ ಜೋಡಿಯನ್ನು ಅದಲುಬದಲು ಮಾಡಬಾರದು; ಹಳೆಯದರೊಂದಿಗೆ ಹೊಸದನ್ನು ಸೇರಿಸಿದರೆ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ. ಎಲ್ಲ ಸೆಟ್‌ಗಳನ್ನೂ ಸರದಿಯಂತೆ ಬಳಸುವುದು ಸೂಕ್ತ.

ಸಾಗಣೆ

ವಿಮಾನ ಪ್ರಯಾಣಿಕರು ಹೆಚ್ಚುವರಿ ಬ್ಯಾಟರಿಗಳನ್ನು ಕೈಚೀಲದಲ್ಲಷ್ಟೇ ಒಯ್ಯಬಹುದು. 100 ವ್ಯಾಟ್-ಗಂಟೆ ಮೀರಿದವಕ್ಕೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು. 160 ಮೀರಿದವಕ್ಕೆ ಅವಕಾಶವೇ ಇಲ್ಲ. 16,000 ಎಂಎಎಚ್‌ನ 6 ಸೆಲ್ ಕೃಷಿ ಬ್ಯಾಟರಿ ಸುಮಾರು 355 ವ್ಯಾಟ್-ಗಂಟೆಯದು. ಆದ್ದರಿಂದ ಅದನ್ನು ರಸ್ತೆ ಮಾರ್ಗವಾಗಿಯೇ ತರಬೇಕಾಗುತ್ತದೆ.

ಉಬ್ಬಿದ ಬ್ಯಾಟರಿ

ಉಬ್ಬಿದ, ಕೆಳಗೆ ಬಿದ್ದು ಜಜ್ಜಿದ ಅಥವಾ ಸಿಹಿಯಾದ ರಾಸಾಯನಿಕ ವಾಸನೆ ಬರುವ ಬ್ಯಾಟರಿಯನ್ನು ಬಳಸಬಾರದು, ಚುಚ್ಚಿ ಗಾಳಿ ತೆಗೆಯುವ ಸಾಹಸವನ್ನಂತೂ ಮಾಡಲೇಬಾರದು. ಅದನ್ನು ಹೊರಗಡೆ, ನೆರಳಿನಲ್ಲಿ, ಮರಳು ತುಂಬಿದ ಲೋಹದ ಬಕೆಟ್‌ನಲ್ಲಿರಿಸಿ ಆದಷ್ಟು ಬೇಗ ವಿಲೇವಾರಿ ಮಾಡಬೇಕು. ಬೆಂಕಿ ಹೊತ್ತಿದರೆ ಹೊಗೆ ವಿಷಕಾರಿ. ಜನರನ್ನು ದೂರ ಕಳುಹಿಸಿ ಅಗ್ನಿಶಾಮಕ ದಳಕ್ಕೆ ತಿಳಿಸುವುದು ಮೊದಲ ಕರ್ತವ್ಯ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಗಸದೊಂದಿಗೆ ಸೇರಿಸುವಂತಿಲ್ಲ. ಅವುಗಳ ಸಂಗ್ರಹ ಹಾಗೂ ಮರುಬಳಕೆಯ ಹೊಣೆ ಉತ್ಪಾದಕರದ್ದಾಗಿರುವುದರಿಂದ ಮಾರಾಟಗಾರರಿಗೆ ಅಥವಾ ಅಧಿಕೃತ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬಹುದು.

ಹಂಗಾಮು ಬಂದಾಗ

ಸಿಂಪಡಣೆಗೆ ಎರಡು–ಮೂರು ವಾರ ಮೊದಲೇ ಪ್ರತಿ ಸೆಟ್ ಅನ್ನು ಒಮ್ಮೆ ಚಾರ್ಜ್ ಮಾಡಿ, ಟ್ಯಾಂಕ್‌ಗೆ ಬರೀ ನೀರು ತುಂಬಿ ಹಾರಿಸಿ ನೋಡುವುದು ಲೇಸು. ಯಾವುದಾದರೂ ಸೆಟ್ ಬೇಗ ಬರಿದಾದರೆ ಬದಲಿ ತರಿಸಿಕೊಳ್ಳಲು ಆಗ ಕಾಲಾವಕಾಶವಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಬ್ಯಾಟರಿ ತಣ್ಣಗಾದ ನಂತರವೇ ಮತ್ತೆ ಸಂಗ್ರಹ ಮಟ್ಟಕ್ಕೆ ತಂದಿಡಬೇಕು. ಪೂರ್ಣ ಚಾರ್ಜ್ ಮಾಡುವುದು ಹೊಲಕ್ಕೆ ಹೊರಡುವ ಹಿಂದಿನ ಸಂಜೆ, ಎಚ್ಚರವಿರುವ ಒಬ್ಬರ ಕಣ್ಣೆದುರಿನಲ್ಲಿ.