ಬೀಗದ ಬಲ, ನಿಮಿಷದ ಲೆಕ್ಕ

ಬಳ್ಳಾರಿ ಊರಿನ ನಡುವೆ ನಿಂತ ಬಂಡೆಗುಡ್ಡದ ಮೇಲೆ ಎರಡು ಕೋಟೆಗಳಿದ್ದು, ನೆತ್ತಿಯ ಮೇಲುಕೋಟೆಯನ್ನು ಪಾಳೆಯಗಾರ ಹನುಮಪ್ಪ ನಾಯಕನೂ ಬುಡದ ಕೆಳಕೋಟೆಯನ್ನು 18ನೇ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿಯೂ ಕಟ್ಟಿಸಿದರೆಂಬುದು ರೂಢಿಯಲ್ಲಿರುವ ವಿವರಣೆ. ಕೆಳಕೋಟೆಯ ಕೆಲಸ ಮುಗಿದ ಮೇಲೆ, ಎದುರಿನ ಕುಂಬಾರ ಗುಡ್ಡ ಅದಕ್ಕಿಂತ ಎತ್ತರವಾಗಿದ್ದು ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯದೆಂದು ಅರಿತ ಹೈದರ್, ಅದನ್ನು ರೂಪಿಸಿದ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಐತಿಹ್ಯ ಊರಿನಲ್ಲಿ ಪ್ರಚಲಿತ. ಈ ಕಥೆ ನಡೆದದ್ದೋ ಕಟ್ಟಿದ್ದೋ ಎಂಬ ಚರ್ಚೆಯನ್ನು ಬದಿಗಿಟ್ಟರೂ, ಅದರೊಳಗಿನ ತರ್ಕ ಬೀಗದ ಚರಿತ್ರೆಗೆ ನೇರವಾಗಿ ಅನ್ವಯಿಸುತ್ತದೆ: ಏಣಿ ಮತ್ತು ಆನೆಯ ಎದುರು ಭದ್ರವಾದ ಗೋಡೆ ದೂರಗಾಮಿ ಫಿರಂಗಿಯ ಎದುರು ಭದ್ರವಲ್ಲ, ಆದ್ದರಿಂದ ಯಾವ ಉಪಕರಣದ ವಿರುದ್ಧ, ಎಷ್ಟು ಹೊತ್ತು ಎಂಬ ಎರಡು ಪ್ರಶ್ನೆಗಳಿಲ್ಲದೆ ‘ಗಟ್ಟಿ’ ಎಂಬ ಮಾತಿಗೆ ಅರ್ಥವೇ ಇಲ್ಲ. ಕನ್ನಡ ನಾಡಿನ ಕೋಟೆಗಳ ಹೆಬ್ಬಾಗಿಲುಗಳಿಗೆ ಕಬ್ಬಿಣದ ಮೊಳೆಗಳನ್ನು ಬಡಿದು, ಆನೆ ಓಡಿಬಂದು ಗುದ್ದಲಾಗದಂತೆ ದಾರಿಯನ್ನು ತಿರುವು ತಿರುವಾಗಿ ಹಾಯಿಸಿದ್ದರ ಉದ್ದೇಶವೂ ಬಾಗಿಲನ್ನು ಅಭೇದ್ಯವಾಗಿಸುವುದಲ್ಲ, ಅದನ್ನು ಒಡೆಯುವವರು ಮೇಲಿನ ಬತೇರಿಗಳ ಗುಂಡಿಗೆ ಸಿಕ್ಕಿ ನಿಲ್ಲುವ ಹೊತ್ತನ್ನು ಹೆಚ್ಚಿಸುವುದು.

ಇದೇ ವಿಚಾರ ಯುರೋಪಿನ ಬೀಗ ತಯಾರಕರಿಗೆ ಹೊಳೆಯಲು ಸಾಕಷ್ಟು ಕಾಲ ಹಿಡಿಯಿತು. ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದ ಬೀಗದ ಒಂದು ಮಾದರಿ ಲಂಡನ್ನಿನ ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ, ಕೀಲಿಯಿಲ್ಲದೆ ತೆಗೆದವರಿಗೆ 200 ಗಿನಿ ಕೊಡುವ ಸವಾಲಿನೊಂದಿಗೆ ದಶಕಗಟ್ಟಲೆ ತೂಗುತ್ತಿತ್ತು. ಜೆರೆಮೈಯಾ ಚಬ್ 1818ರಲ್ಲಿ ರೂಪಿಸಿದ ‘ಡಿಟೆಕ್ಟರ್’ ಬೀಗವಾದರೆ, ಯಾರಾದರೂ ಕಳ್ಳಕಡ್ಡಿ ಆಡಿಸಿದಾಗ ಒಳಗಿನ ಸನ್ನೆ ಸಿಕ್ಕಿಕೊಂಡು ಮಾಲೀಕನಿಗೆ ಸುಳಿವು ಕೊಡುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಚಬ್ ಬೀಗವನ್ನು ಸುಮಾರು 25 ನಿಮಿಷದಲ್ಲಿ ತೆರೆದು, ಬ್ರಾಮಾ ಬೀಗವನ್ನು 16 ದಿನಗಳಲ್ಲಿ ಹಂಚಿಹೋದ 51 ಗಂಟೆಗಳ ದುಡಿಮೆಯಿಂದ ಗೆದ್ದನು. ಅಂದಿನ ಪತ್ರಿಕೆಗಳಲ್ಲಿ ಗದ್ದಲವೆದ್ದಿತಾದರೂ, ಯಾವ ಕಳ್ಳನಿಗೂ 51 ಗಂಟೆಗಳ ಬಿಡುವನ್ನು ಯಾರೂ ಕೊಡುವುದಿಲ್ಲವಾದ್ದರಿಂದ, ನಿಜಕ್ಕೂ ಸೋತದ್ದು ಬ್ರಾಮಾನ ಜಾಹೀರಾತೇ ಹೊರತು ಅವನ ಬೀಗವಲ್ಲ.

ಕೈಚಳಕದ ಪರೀಕ್ಷೆಯಿಂದ ಬಲಪ್ರಯೋಗದ ಪರೀಕ್ಷೆಗೆ ಚರ್ಚೆ ಹೊರಳಿದ್ದು 1865ರಲ್ಲಿ ಲಂಡನ್ನಿನ ಕಾರ್ನ್‌ಹಿಲ್ ಬೀದಿಯ ಆಭರಣದಂಗಡಿಯೊಂದರ ತಿಜೋರಿಯನ್ನು ಕಳ್ಳರು ಬೆಣೆ ಬಡಿದು ಸೀಳಿದ ಮೇಲೆ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಹೆರಿಂಗ್ ಮತ್ತು ಇಂಗ್ಲೆಂಡಿನ ಚಾಟ್‌ವುಡ್ ಪಂದ್ಯ ಕಟ್ಟಿ ಒಬ್ಬರ ತಿಜೋರಿಯನ್ನು ಇನ್ನೊಬ್ಬರ ಆಳುಗಳಿಂದ ಒಡೆಸಿದರು. ಮುಂದೆ ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಈ ಜಟಾಪಟಿಯನ್ನು ಶಿಸ್ತಿಗೆ ತಂದು, ಉಪಕರಣ ಲೋಹವನ್ನು ಮುಟ್ಟಿರುವ ಹೊತ್ತನ್ನಷ್ಟೇ ಎಣಿಸುವ, ಡ್ರಿಲ್ಲಿನ ಬೈರಿಗೆ ಬದಲಿಸುವಾಗಲೋ ಪರೀಕ್ಷಕ ದಣಿವಾರಿಸಿಕೊಳ್ಳುವಾಗಲೋ ಗಡಿಯಾರ ನಿಲ್ಲಿಸುವ ‘ನಿವ್ವಳ ಕಾಲ’ದ ಕ್ರಮವನ್ನು ಬಳಕೆಗೆ ತಂದಿತು, 15 ನಿಮಿಷದ ತಿಜೋರಿ, 30 ನಿಮಿಷದ ತಿಜೋರಿ ಎಂಬ ದರ್ಜೆಗಳು ಹುಟ್ಟಿದ್ದು ಈ ಲೆಕ್ಕದಿಂದ.

ಲೋಹದ ಕಡೆಯಿಂದ ನೋಡಿದರೆ ಈ ಕಥೆಯ ಒಂದು ಎಳೆ ಬಳ್ಳಾರಿ ಸೀಮೆಯ ಮಣ್ಣನ್ನು ಹಾದುಹೋಗುತ್ತದೆ. ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಉಕ್ಕಿಗೆ ಶೇ. 12–13ರಷ್ಟು ಮ್ಯಾಂಗನೀಸ್ ಬೆರೆಸಿದಾಗ ದೊರೆತ ಮಿಶ್ರಲೋಹಕ್ಕೆ ವಿಚಿತ್ರವಾದ ಗುಣವಿತ್ತು: ಮೊದಲು ತಕ್ಕಮಟ್ಟಿಗೆ ಮೆದುವಾಗಿದ್ದರೂ ಸುತ್ತಿಗೆ ಬಿದ್ದಷ್ಟೂ ಬೈರಿಗೆ ಒತ್ತಿದಷ್ಟೂ ಅದರ ಮೇಲ್ಮೈ ಗಡುಸಾಗುತ್ತಾ ಹೋಗಿ, ಉಪಕರಣವೇ ಮೊಂಡಾಗುತ್ತಿತ್ತು. ಕೆಲಸ ಮಾಡಿದಂತೆ ಗಟ್ಟಿಯಾಗುವ ಈ ಗುಣದಿಂದಾಗಿ ಅದು ರೈಲು ಹಳಿಗಳ ಕವಲುಗಳಿಗೆ, ಕಲ್ಲು ಪುಡಿಮಾಡುವ ಯಂತ್ರಗಳ ದವಡೆಗಳಿಗೆ, ಬ್ಯಾಂಕಿನ ತಿಜೋರಿಗಳಿಗೆ, ಸೆರೆಮನೆಯ ಕಂಬಿಗಳಿಗೆ ಒದಗಿತು. ಸಂಡೂರು ಸಂಸ್ಥಾನದ ಬೆಟ್ಟಗಳಲ್ಲಿ ಮ್ಯಾಂಗನೀಸ್ ಅದಿರಿನ ಗಣಿಗಾರಿಕೆ ಆರಂಭವಾದದ್ದು ಜಗತ್ತಿನ ಉಕ್ಕಿನ ಕುಲುಮೆಗಳಿಗೆ ಈ ಅದಿರು ಹೆಚ್ಚು ಹೆಚ್ಚು ಬೇಕಾಗುತ್ತಿದ್ದ 20ನೇ ಶತಮಾನದ ಮೊದಲ ದಶಕದಲ್ಲಿ. ಆದರೆ ಆ ದಶಕದಲ್ಲೇ ಫ್ರಾನ್ಸಿನಲ್ಲಿ ರೂಪುಗೊಂಡ ಆಕ್ಸಿ-ಅಸಿಟಿಲೀನ್ ಜ್ವಾಲೆ, ಅಂದರೆ ಇಂದಿನ ಮಾತಿನ ಗ್ಯಾಸ್ ಕಟರ್, ಬೈರಿಗೆಯನ್ನು ಸೋಲಿಸಿದ ಲೋಹವನ್ನೂ ಕರಗಿಸಬಲ್ಲದಾಗಿತ್ತು.

ಸೈಕಲ್ ಬೀಗಕ್ಕೆ ಇಂಥ ಗಂಭೀರ ಪರೀಕ್ಷೆಯ ಭಾಗ್ಯ ಬಂದದ್ದು ಬಹಳ ತಡವಾಗಿ. ಭಾರತದ ಸೈಕಲ್ಲುಗಳ ಹಿಂಚಕ್ರಕ್ಕೆ ಕೂರಿಸುವ ದುಂಡನೆಯ ಬೀಗ, ಗಾಲಿ ತಿರುಗದಂತೆ ತಡೆಯುವುದೇ ಹೊರತು ಸೈಕಲ್ಲನ್ನು ಹೊತ್ತೊಯ್ಯುವವನನ್ನು ತಡೆಯುವುದಿಲ್ಲ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಬಂದ ಕ್ರಿಪ್ಟೊನೈಟ್ ಕಂಪನಿಯ ಯು ಆಕಾರದ ಬೀಗ, ಸರಪಳಿಯನ್ನು ಕ್ಷಣದಲ್ಲಿ ತುಂಡರಿಸುತ್ತಿದ್ದ ಬೋಲ್ಟ್ ಕಟರಿಗೆ ಉತ್ತರವಾಗಿತ್ತು. 2004ರಲ್ಲಿ ಅಂಥ ಬೀಗಗಳ ಕೊಳವೆಯಾಕಾರದ ಕೀಲಿಕಂಡಿಯನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ತುದಿಯಿಂದಲೇ ತೆರೆಯಬಹುದೆಂದು ಬಯಲಾದಾಗ ಕಂಪನಿ ಬೀಗಗಳನ್ನು ಬದಲಿಸಿಕೊಡಬೇಕಾಯಿತು. ಬ್ರಿಟನ್ನಿನಲ್ಲಿ 1992ರಲ್ಲಿ ಪೊಲೀಸರ ಮುತುವರ್ಜಿಯಿಂದ ಆರಂಭವಾದ ‘ಸೋಲ್ಡ್ ಸೆಕ್ಯೂರ್’ ಯೋಜನೆ ಕಂಚು, ಬೆಳ್ಳಿ, ಚಿನ್ನ ಎಂಬ ದರ್ಜೆಗಳನ್ನಿಟ್ಟು, ಒಂದೊಂದಕ್ಕೂ ಉಪಕರಣಗಳ ಪಟ್ಟಿಯನ್ನೂ ಒಂದರಿಂದ ಐದು ನಿಮಿಷಗಳವರೆಗಿನ ಕಾಲವನ್ನೂ ಗೊತ್ತುಪಡಿಸಿತು.

ಈ ಪಟ್ಟಿಯನ್ನು ತಲೆಕೆಳಗು ಮಾಡಿದ್ದು ಆಂಗಲ್ ಗ್ರೈಂಡರ್. 1954ರಲ್ಲಿ ಜರ್ಮನಿಯಲ್ಲಿ ಅದರ ಅತಿವೇಗದ ಮಾದರಿ ಸಿದ್ಧವಾದಾಗ ಅದು ತಂತಿಗೆ ಕಟ್ಟಿಬಿದ್ದ ಕಾರ್ಖಾನೆಯ ಯಂತ್ರ. ಲಿಥಿಯಂ ಬ್ಯಾಟರಿ ಬಂದ ಮೇಲೆ ಚೀಲದಲ್ಲಿ ಹಿಡಿಸುವ ವಸ್ತುವಾಯಿತು. ನಾಲ್ಕಂಗುಲದ ಕಟಿಂಗ್ ವೀಲ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಸುತ್ತು ತಿರುಗುವಾಗ, ಅಂಟಿನಲ್ಲಿ ಹುದುಗಿರುವ ಅಲ್ಯೂಮಿನಾ ಹರಳುಗಳು ಉಕ್ಕನ್ನು ಕಿಡಿಯಾಗಿ ಸವೆಸುತ್ತಾ, ಮೊಂಡಾದ ಹರಳು ಉದುರಿ ಹೊಸದು ಮೇಲೆ ಬರುತ್ತಿರುತ್ತದೆ. ಆದ್ದರಿಂದ ಹ್ಯಾಕ್ಸಾ ಬ್ಲೇಡನ್ನು ಜಾರಿಸುತ್ತಿದ್ದ ಗಡುಸು ಮೇಲ್ಪದರ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಗಡುಸುತನವೊಂದೇ ಸಾಲದೆಂದು ಕಂಡ ಮೇಲೆ ಸಂಶೋಧಕರು ವೀಲನ್ನೇ ಸವೆಸುವ ದಾರಿ ಹಿಡಿದರು. ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು 2020ರಲ್ಲಿ ಪ್ರಕಟಿಸಿದ ‘ಪ್ರೋಟಿಯಸ್’ ಎಂಬ ವಸ್ತುವಿನಲ್ಲಿ, ನೊರೆಯಂಥ ಅಲ್ಯೂಮಿನಿಯಮ್ಮಿನೊಳಗೆ ಸೆರಾಮಿಕ್ ಗುಂಡುಗಳಿದ್ದು, ವೀಲ್ ತಾಗಿದೊಡನೆ ಅವು ಕಂಪಿಸಿ, ಒಡೆದ ಪುಡಿ ಸೀಳಿನಲ್ಲಿ ತುಂಬಿಕೊಂಡು ವೀಲಿನ ಅಂಚನ್ನೇ ತಿನ್ನುತ್ತದೆ.

ಕರ್ನಾಟಕದಲ್ಲಿ ಇಂಥ ಪರೀಕ್ಷೆ ಪ್ರಯೋಗಾಲಯಕ್ಕಿಂತ ಅಪರಾಧದ ಸ್ಥಳದಲ್ಲೇ ನಡೆದದ್ದು ಹೆಚ್ಚು. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕ್ ಶಾಖೆಯಿಂದ ಸುಮಾರು 17 ಕಿಲೋ ಚಿನ್ನ ಹೋದಾಗ, ಕಳ್ಳರು ಒಳಬಂದದ್ದು ಬೀಗ ಹಾಕಿದ ಬಾಗಿಲಿನಿಂದಲ್ಲ, ಕಂಬಿ ಕತ್ತರಿಸಿದ ಕಿಟಕಿಯಿಂದ. ಲಾಕರಿಗೆ ಗ್ಯಾಸ್ ಕಟರ್ ಬಳಸಲು ಅವರಿಗೆ ಸಿಕ್ಕಿದ್ದು ಬಾಗಿಲು ಮುಚ್ಚಿದ ಕಟ್ಟಡದ ನಿರಾತಂಕ. ಬೀದಿಯಲ್ಲಿ ನಿಂತ ವಾಹನಕ್ಕೆ ಇದರ ತದ್ವಿರುದ್ಧ ಸ್ಥಿತಿಯಿರಬೇಕು, ಗ್ರೈಂಡರಿನ ಸದ್ದೇ ನೆರೆಯವರನ್ನು ಹೊರಗೆ ಕರೆಯಬೇಕು. ಆದರೆ ಗೇಟು ಮತ್ತು ಕಿಟಕಿಯ ಗ್ರಿಲ್ ಮಾಡುವ ಫ್ಯಾಬ್ರಿಕೇಶನ್ ಅಂಗಡಿಗಳು ಬಡಾವಣೆಗೊಂದರಂತಿರುವ ಊರುಗಳಲ್ಲಿ ಆ ಸದ್ದಿಗೆ ತಿರುಗಿ ನೋಡುವವರು ಕಡಿಮೆ. ಎಂಟನೇ ತರಗತಿಯ ಮಕ್ಕಳಿಗೆ 2006–07ರಿಂದ ಸರ್ಕಾರ ಹಂಚಿದ ಸೈಕಲ್ಲುಗಳಂಥವಕ್ಕೆ ಹಿಂಚಕ್ರದ ಬೀಗ ಸಾಕಾಗಿತ್ತೆನ್ನಬಹುದು, ಏಕೆಂದರೆ ಗ್ರೈಂಡರ್ ಹೊತ್ತು ಬರುವ ಕಳ್ಳನಿಗೆ ಅಲ್ಲಿ ಲಾಭವಿರಲಿಲ್ಲ. ಅದೇ ಮನೆಗಳ ಮುಂದೆ ಈಗ ನಿಲ್ಲುತ್ತಿರುವ ವಿದ್ಯುತ್ ಸ್ಕೂಟರ್ ಮತ್ತು ದುಬಾರಿ ಗೇರ್ ಸೈಕಲ್ಲುಗಳಿಗೆ ಪೇಟೆಯಲ್ಲಿ ಸಿಗುವ ಬೀಗದ ಪೊಟ್ಟಣದ ಮೇಲೆ ‘ಹಾರ್ಡನ್ಡ್’ ಎಂಬ ಮಾತು ಸಾಮಾನ್ಯವಾಗಿ ಇದ್ದು, ಅದು ಗರಗಸದ ಕಾಲಕ್ಕೆ ಸಲ್ಲುವ ಭರವಸೆ. ಗ್ರೈಂಡರಿನ ಎದುರು ಎಷ್ಟು ನಿಮಿಷ ಎಂಬ ಅಂಕಿ ಮಾತ್ರ ಆ ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಕಾಣುವುದಿಲ್ಲ.